ಊರಿನ ಹೆಸರಿಗೆ ಬಿಟ್ಟ ಜಾಗ

ನನ್ನ ಅಕ್ಷರ ದುಂಡಗಿತ್ತು. ಆ ಒಂದು ತಪ್ಪಿಗೆ ನಾನು ಶಿಕಾರಿಪುರದ ಮಹಿಳಾ ಸಮಾಜಕ್ಕೆ ಕಾರ್ಯದರ್ಶಿಯಾದೆ. ಬೇರೆ ಯೋಗ್ಯತೆ ಏನೂ ಇರಲಿಲ್ಲ. ವಯಸ್ಸು ಇಪ್ಪತ್ತೊಂದು, ಓದು ಮಿಡ್ಲ್ ಸ್ಕೂಲಿನವರೆಗೆ, ಸಭೆಯಲ್ಲಿ ಎದ್ದು ನಿಂತು ಮಾತಾಡಿದ್ದೇ ಇಲ್ಲ. ಅಧ್ಯಕ್ಷೆಯಾಗಿದ್ದವರು ಪೇಟೆಯ ದೊಡ್ಡ ಬಟ್ಟೆ ಅಂಗಡಿಯ ಯಜಮಾನರ ಹೆಂಡತಿ. ನಮ್ಮ ಅತ್ತೆಗೆ ದೂರದ ಸಂಬಂಧದಲ್ಲಿ ಅಕ್ಕ, ನನಗೆ ದೊಡ್ಡತ್ತೆ. ಆ ಸಂಬಂಧದ ಬಲದಿಂದಲೇ ವಾರಕ್ಕೊಂದು ಮಧ್ಯಾಹ್ನ ನನಗೆ ಮನೆಯಿಂದ ಬಿಡುಗಡೆ ಸಿಗುತ್ತಿತ್ತು. ಸೆರಗು ತಲೆಗೆ ಹೊದ್ದು, ಮಸಿ ಕುಡಿಕೆ ಹಿಡಿದು ಹೊರಟರೆ ಅತ್ತೆ ಹೊಸ್ತಿಲವರೆಗೂ ಬಂದು ಹೇಳುತ್ತಿದ್ದರು, "ಬರಿಯೋದು ಮುಗೀತಿದ್ದಂಗೆ ಬಂದ್ಬಿಡು. ಅಲ್ಲಿ ಕುಂತು ಮಾತು ಕಲೀಬ್ಯಾಡ." ಬಿಡುಗಡೆ ಎಂದರೆ ಅಷ್ಟೇ, ಒಂದು ಮನೆಯ ಗೋಡೆಯಿಂದ ಇನ್ನೊಂದು ಮನೆಯ ಗೋಡೆಗೆ.

ನಾನು ಹುಟ್ಟಿದ್ದು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿ, ಕೊಟ್ಟದ್ದು ಶಿಕಾರಿಪುರಕ್ಕೆ. ನಡುವೆ ಕೆಲವು ಗಂಟೆಗಳ ಬಸ್ಸಿನ ಹಾದಿ. ಆದರೆ ಎರಡು ಕಡೆಯವರಿಗೂ ಅದು ಎರಡು ದೇಶ. ಇಲ್ಲಿ ನಾನು ಸಾರಿಗೆ ಬೆಲ್ಲ ಹಾಕಿದರೆ "ಸೊರಬದ ಕಡೇರು ಹಿಂಗೇ" ಅನ್ನುತ್ತಿದ್ದರು. ತವರಿಗೆ ಹೋಗಿ ಜೋಳದ ರೊಟ್ಟಿ ಬಡಿದರೆ "ಇವಳು ಬಯಲುಸೀಮೆಯವಳಾಗಿಬಿಟ್ಲು" ಎಂದು ನಗುತ್ತಿದ್ದರು. ನಗಲಿ ಬಿಡಿ, ನಗೆಯಿಂದ ಯಾರೂ ಸಾಯುವುದಿಲ್ಲ. ನನಗೆ ನಿಜವಾಗಿ ಉಸಿರು ಕಟ್ಟಿದ್ದು ತಂಗಿಯ ವಿಷಯದಲ್ಲಿ.

ತಂಗಿ ನನಗಿಂತ ಏಳು ವರ್ಷಕ್ಕೆ ಚಿಕ್ಕವಳು. ಆ ವರ್ಷ ಊರಿನಲ್ಲಿ ಮಿಡ್ಲ್ ಸ್ಕೂಲ್ ಮುಗಿಸಿ ಮನೆಯಲ್ಲಿ ಕೂತಿದ್ದಳು. ರೇಖಾಗಣಿತದಲ್ಲಿ ತರಗತಿಯ ಹುಡುಗರನ್ನೆಲ್ಲ ಹಿಂದೆ ಹಾಕಿದ್ದಳು ಎಂದು ಮೇಷ್ಟ್ರೇ ಮನೆಗೆ ಬಂದು ಹೇಳಿದ್ದರು. ಹೈಸ್ಕೂಲು ಶಿಕಾರಿಪುರದಲ್ಲಿತ್ತು, ಸೊರಬದಲ್ಲೂ ಇತ್ತು. ಹಳ್ಳಿಯ ಹೆಣ್ಣುಮಗಳು ಉಳಿಯುವುದಕ್ಕೆ ಜಾಗ ಎರಡು ಕಡೆಯೂ ಇರಲಿಲ್ಲ. ಹುಡುಗರಾದರೆ ಯಾರದೋ ಜಗಲಿಯಲ್ಲಿ ಮಲಗಿ, ವಾರಕ್ಕೊಂದು ಮನೆಯ ಊಟ ಮಾಡಿ ಓದಿಕೊಳ್ಳುತ್ತಿದ್ದರು. ಅಪ್ಪ ನನಗೆ ಹೇಳಿದ್ದು ಒಂದೇ ಮಾತು. "ಸರ್ಕಾರದ ಹಾಸ್ಟೆಲ್ ಆಗಿ, ನೋಡ್ಕೊಳ್ಳೋಕೆ ಒಬ್ಬ ಹೆಂಗಸು ಇದ್ರೆ ಕಳಿಸ್ತೀನಿ. ಒಂದು ವರ್ಷ ಕಾಯ್ತೀನಿ ಮಗಳೆ. ಆಮೇಲೆ ನನ್ನ ಕೇಳಬೇಡ." ಅಪ್ಪ ಮಾತಿಗೆ ತಪ್ಪುವ ಮನುಷ್ಯರಲ್ಲ. ಅದೇ ಕಷ್ಟವಾಗಿತ್ತು.

"ನಿಮ್ಮ ಮನೆಯಲ್ಲೇ ಇಟ್ಟುಕೊಂಡು ಓದಿಸಬಹುದಿತ್ತಲ್ಲ" ಎಂದು ಈಗಿನವರು ಕೇಳುತ್ತಾರೆ. ಹೆಣ್ಣು ಕೊಟ್ಟ ಮನೆಯಲ್ಲಿ ನೀರು ಕುಡಿಯುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದ ಅಪ್ಪ ಇನ್ನೊಬ್ಬ ಮಗಳನ್ನು ಅಲ್ಲಿ ಅನ್ನಕ್ಕೆ ಬಿಡುತ್ತಿದ್ದರೇ? ಮೇಲಾಗಿ ಮನೆಯಲ್ಲಿ ಮದುವೆಯಾಗದ ಮೈದುನ ಇದ್ದ. ಒಮ್ಮೆ ನಾನು ಬಾಯಿ ತಪ್ಪಿ ತಂಗಿಯ ಓದಿನ ಮಾತೆತ್ತಿದಾಗ ಅತ್ತೆ ಅಕ್ಕಿ ಕೇರುತ್ತಲೇ ಅಂದರು, "ಓದ್ಸಾಕೆ ಯಾಕ್ ಕರ್ಕಂಡ್ ಬರ್ತಿ? ಸೊಸಿ ಮಾಡ್ಕಂಡೇ ಕರ್ಕಂಡ್ ಬರ್ತೀವಿ ಬಿಡು. ಅಕ್ಕ ತಂಗಿ ಒಂದೇ ಒಲಿ ಮುಂದೆ ಇದ್ರೆ ಮನಿ ಒಡಿಯಂಗಿಲ್ಲ." ಅವರು ಅದನ್ನು ಉಪಕಾರವೆಂದೇ ಹೇಳಿದ್ದರು. ಕೇಳಿದವರೆಲ್ಲ ನನ್ನನ್ನು ಪುಣ್ಯವಂತೆ ಎಂದರು. ಆ ಒಲೆಯ ಮುಂದೆ ನಾಲ್ಕು ವರ್ಷ ಕಳೆದಿದ್ದವಳು ನಾನು. ಹೊಗೆ ಹೋಗಲು ಎತ್ತರದಲ್ಲಿ ಒಂದು ಕಿಂಡಿ ಇತ್ತು, ಅದರಿಂದ ಹೊಗೆ ಹೋಗುತ್ತಿತ್ತು, ನಾನು ಅಲ್ಲೇ ಇರುತ್ತಿದ್ದೆ. ನನ್ನ ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿ ತಂಗಿಯನ್ನು ಕೂರಿಸುವುದು ನನಗೆ ಬೇಡವಾಗಿತ್ತು.

ಹಾಸ್ಟೆಲ್ಲಿನ ಸುದ್ದಿ ತಂದವರು ಪೇಟೆಯ ವಾಚನಾಲಯ ಸಂಘದ ಹಿರಿಯರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಕಾಗದ ಯಾವ ಮೇಜಿನಿಂದ ಯಾವ ಮೇಜಿಗೆ ನಡೆಯುತ್ತದೆ, ಎಲ್ಲಿ ಕೂತು ತೂಕಡಿಸುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಜಿಲ್ಲೆಗೆ ಹೆಣ್ಣುಮಕ್ಕಳ ಹಾಸ್ಟೆಲ್ ಒಂದು ಬರುತ್ತದೆಯಂತೆ, ಊರಿನ ಸಂಘಸಂಸ್ಥೆಗಳು ಒಟ್ಟಾಗಿ ಕೇಳಿದ ಕಡೆಗೆ ಕೊಡುತ್ತಾರಂತೆ ಎಂದರು. ಒಟ್ಟಾಗಿ ಎಂಬ ಮಾತು ಕೇಳಿ ದೊಡ್ಡತ್ತೆ ಮುಖ ಸಿಂಡರಿಸಿದರು. ಏಕೆಂದರೆ ಹಿಂದಿನ ವರ್ಷವೇ ಹಾಸ್ಟೆಲ್ ಬೇಕೆಂದು ನಾವೊಂದು ಮನವಿ ಕಳಿಸಿದ್ದೆವು, ಸೊರಬದ ಮಹಿಳಾ ಸಮಾಜದವರೂ ಒಂದು ಕಳಿಸಿದ್ದರು. ಸೊರಬಕ್ಕೆ ಅದರ ಅಗತ್ಯವಿಲ್ಲ ಎಂದು ನಮ್ಮದರಲ್ಲಿ ಬರೆದಿತ್ತು, ಶಿಕಾರಿಪುರಕ್ಕೆ ಅಗತ್ಯವಿಲ್ಲ ಎಂದು ಅವರದರಲ್ಲಿ. ಸರ್ಕಾರ ಇಬ್ಬರ ಮಾತನ್ನೂ ನಂಬಿತ್ತು.

ರಾಜ್ಯ ಒಂದಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ದೂರದೂರದ ಜಿಲ್ಲೆಗಳೆಲ್ಲ ಒಂದೇ ಸೂರಿನಡಿ ಬಂದಿದ್ದವು. ಎರಡು ತಾಲ್ಲೂಕಿನ ಹೆಂಗಸರು ಒಂದು ಜಮಖಾನದ ಮೇಲೆ ಕೂರುವುದಕ್ಕೆ ಮಾತ್ರ ಶಿರಸ್ತೇದಾರರು ಮೂರು ತಿಂಗಳು ಓಡಾಡಬೇಕಾಯಿತು. ಕೊನೆಗೆ ನಾಲ್ಕು ಸಂಘ ಒಪ್ಪಿದವು: ನಮ್ಮ ಸಮಾಜ, ಸೊರಬದ ಸಮಾಜ, ವಾಚನಾಲಯ, ಸೊರಬದ ಕಡೆಯ ಜಡೆ ಊರಿನ ಒಂದು ಭಜನಾ ಮಂಡಳಿ. ಭಜನೆಯವರಿಗೆ ಇದರಲ್ಲೇನು ಕೆಲಸ ಎಂದು ನಮ್ಮವರು ಮೂಗು ಮುರಿದರು. ಆ ಮಂಡಳಿಯ ಹಿರಿಯರಿಗೆ ಮೂವರು ಹೆಣ್ಣುಮಕ್ಕಳಿದ್ದರು, ಅದೇ ಕೆಲಸ.

ಸಭೆ ಎಲ್ಲಿ? ಅವರ ಊರಿಗೆ ನಾವು ಹೋಗೆವು, ನಮ್ಮ ಊರಿಗೆ ಅವರು ಬಾರರು. ಗಡಿಯ ಹತ್ತಿರದ ಒಂದು ಹಳ್ಳಿಯ ಶಾಲೆ ಗೊತ್ತಾಯಿತು. ದೀಪಾವಳಿ ಕಳೆದ ವಾರ ನಾವು ಹೋಗಿ ನೋಡಿದರೆ ಸೊರಬದವರು ಆಗಲೇ ಬಾಗಿಲಲ್ಲಿ ಅರಿಸಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಾರೆ! ತಟ್ಟೆ ಹಿಡಿದವರು ಮನೆಯವರು, ಕುಂಕುಮ ಇಡಿಸಿಕೊಂಡವರು ನೆಂಟರು. ದೊಡ್ಡತ್ತೆ ಸುಮ್ಮನಿರುವವರೇ? ಚೀಲದಿಂದ ತಮ್ಮ ಬೆಳ್ಳಿ ಬಟ್ಟಲು ತೆಗೆದು ಎದುರಿನವರ ಹಣೆಗೇ ಇಟ್ಟರು. ಹಾಗಾಗಿ ಆ ದಿನ ಎಲ್ಲ ಹೆಂಗಸರ ಹಣೆಯಲ್ಲೂ ಒಂದರ ಮೇಲೊಂದು ಎರಡೆರಡು ಕುಂಕುಮ.

ಸೊರಬದ ಅಧ್ಯಕ್ಷೆಯನ್ನು ನೋಡಿದ ಕೂಡಲೇ ನನಗೆ ಗುರುತು ಹತ್ತಿತು. ಅವರು ನಿವೃತ್ತ ಹೆಡ್‌ಮಿಸ್ಟ್ರೆಸ್. ಹಿಂದೆ ನಮ್ಮ ಕುಪ್ಪಗಡ್ಡೆಯ ಶಾಲೆಯಲ್ಲಿದ್ದಾಗ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದ ಅಕ್ಕೋರು. ಎಲ್ಲರೂ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು. "ಬಾರೆ ಇಲ್ಲಿ, ತವರಿನ ಕಡೆ ಬಂದ ಮಗಳು ಬರಿ ಸೆರಗಲ್ಲಿ ಹೋಗಬಾರದು" ಎಂದು ಕರೆದು, ಎಲ್ಲರ ಎದುರಿಗೇ ನನ್ನ ಉಡಿ ತುಂಬಿದರು. ಅಕ್ಕಿ, ತೆಂಗಿನಕಾಯಿ, ಒಂದು ಕುಪ್ಪಸದ ಕಣ, ಹಸಿರು ಬಳೆ. ಉಡಿ ಬೇಡ ಎನ್ನುವ ಹೆಣ್ಣು ನಮ್ಮ ಕಡೆ ಹುಟ್ಟಿಲ್ಲ. ಉಡಿ ತುಂಬಿಸಿಕೊಂಡು ತವರಿಗೆ ಎದುರಾಡಿದವಳೂ ಇಲ್ಲ. ಅಕ್ಕೋರು ಪ್ರೀತಿಯಿಂದ ತುಂಬಿದರೋ ಲೆಕ್ಕ ಹಾಕಿ ತುಂಬಿದರೋ ನನಗೆ ಇವತ್ತಿಗೂ ತಿಳಿಯದು. ಎರಡೂ ಇರಬಹುದು. ನಾನು ತುಂಬಿದ ಸೆರಗು ಹಿಡಿದು ನಮ್ಮವರ ಸಾಲಿಗೆ ಬಂದು ಕೂತಾಗ ದೊಡ್ಡತ್ತೆ ಮೆಲ್ಲಗೆ ಕೇಳಿದರು, "ಭಾರ ಆತೇನಮ್ಮ?"

ಮಧ್ಯಾಹ್ನದವರೆಗೂ ಎತ್ತು ಏರಿಗೆ, ಕೋಣ ನೀರಿಗೆ. ನಮ್ಮಲ್ಲಿ ಪೇಟೆ ದೊಡ್ಡದು, ಆಸ್ಪತ್ರೆ ಹತ್ತಿರ, ಹಾಸ್ಟೆಲ್ ಇಲ್ಲೇ ಆಗಬೇಕು ಎಂದು ಇವರು. ನಮ್ಮಲ್ಲಿ ಹಳ್ಳಿ ದೂರದೂರ, ಚಂದ್ರಗುತ್ತಿಯ ಕಡೆಯ ಹುಡುಗಿ ಶಿಕಾರಿಪುರಕ್ಕೆ ಬಂದು ಸೇರುವುದು ಯಾವಾಗ, ಸೊರಬದಲ್ಲೇ ಆಗಬೇಕು ಎಂದು ಅವರು. ಎರಡೂ ನ್ಯಾಯವಾದ ಮಾತೇ. ನಡುವೆ ಕೂತು ಎರಡನ್ನೂ ಬರೆದುಕೊಳ್ಳುತ್ತಿದ್ದವಳು ನಾನು. ಯಾರದಾದರೂ ಮಾತಿಗೆ ತಲೆ ಅಲ್ಲಾಡಿಸಿದರೆ ಇನ್ನೊಂದು ಸಾಲು ನನ್ನನ್ನೇ ನೋಡುತ್ತಿತ್ತು. ಕತ್ತು ಅಲ್ಲಾಡಿಸದೆ ಬರೆಯುವುದನ್ನು ಆ ದಿನ ಕಲಿತೆ.

ಕೊನೆಗೆ ಎದ್ದವರು ಜಡೆಯ ಭಜನಾ ಮಂಡಳಿಯ ಹಿರಿಯರು. "ಅಲ್ರೀ, ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ತಿದ್ದೀರಲ್ಲ! ಹಾಸ್ಟೆಲ್ ಕೊಡಿ ಅಂತ ಬರೀರಿ. ಊರಿನ ಹೆಸರಿಗೆ ಒಂದಿಷ್ಟು ಜಾಗ ಬಿಡಿ. ದೊಡ್ಡೋರು ಅವರು, ನೋಡಿ ತುಂಬಿಕೊಳ್ತಾರೆ" ಎಂದರು.

ಒಂದು ತೀರ್ಮಾನವನ್ನು ಮಾಡದೇ ಬಿಟ್ಟದ್ದಕ್ಕೆ ಜನ ಅಷ್ಟು ಸಂತೋಷಪಟ್ಟದ್ದನ್ನು ನಾನು ಇನ್ನೆಂದೂ ಕಂಡಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡತ್ತೆಯ ಮಂಡಕ್ಕಿ ಅಕ್ಕೋರ ಎಲೆಗೆ ಹೋಯಿತು, ಅಕ್ಕೋರ ಕೊಟ್ಟೆ ಕಡುಬು ದೊಡ್ಡತ್ತೆಯ ಎಲೆಗೆ ಬಂತು. ನಮ್ಮ ಕಡೆಯ ರೀತಿಯೇ ಅದು. ಮದುವೆ ಮಾತುಕತೆಯಲ್ಲಿ ಬಿಕ್ಕಟ್ಟು ಬಂದರೆ "ಅದನ್ನ ಹಿರಿಯರಿಗೆ ಬಿಡೋಣ" ಎಂದು ಎದ್ದುಬಿಡುತ್ತಾರೆ. ಆಮೇಲೆ ಯಾರೋ ಸೋದರಮಾವ ಎರಡೂ ಮನೆಗೆ ಓಡಾಡಿ ಹೇಗೋ ಸರಿ ಮಾಡುತ್ತಾನೆ. ಮನವಿ ಹೋಗಬೇಕಿದ್ದ ಶಿವಮೊಗ್ಗೆಯ ಜಿಲ್ಲಾ ಕಚೇರಿಯನ್ನೂ ನಾವು ಅಂಥ ಸೋದರಮಾವ ಎಂದುಕೊಂಡೆವು.

ಶಿರಸ್ತೇದಾರರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಬಸ್ಸಿಗೆ ಕಾಯುವಾಗ ನನ್ನ ಹತ್ತಿರ ಬಂದು ಹೇಳಿದರು, "ಎಲ್ಲಿ ಅಂತ ಬರೀದ ಅರ್ಜಿ ನಿಲ್ಲಂಗಿಲ್ಲಮ್ಮ. ಗುಮಾಸ್ತ ಮೊದ್ಲು ನೋಡೋದೇ ಎಲ್ಲಿ ಅನ್ನೋದನ್ನ."

"ಹಾಗಾದ್ರೆ ಸಭೆಯಲ್ಲಿ ಯಾಕೆ ಹೇಳಲಿಲ್ಲ ನೀವು?"

"ನಾನೂ ಈ ಊರಾಗೇ ಬಾಳ್ವೆ ಮಾಡಬೇಕಲ್ಲಮ್ಮ" ಎಂದು ಅವರು ಬಸ್ಸು ಬರುವ ದಿಕ್ಕಿಗೆ ತಿರುಗಿದರು. ನನ್ನ ಮುಖ ನೋಡದೆಯೇ ಸೇರಿಸಿದರು, "ಎಲ್ಲರ ಸಹಿ ಆದಮ್ಯಾಲೆ ಕಾಗದ ನಿನ್ನತ್ರನೇ ಬರತೈತೆ. ಟಪಾಲಿಗೆ ಹಾಕೋಳು ನೀನೇ. ಆ ಜಾಗ ತುಂಬಿದ್ರೆ ತಡೆಯೋರು ಯಾರೈದಾರೆ?"

ಆ ಮುದುಕರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ತಮ್ಮ ಬಾಯಿ ಆಡಲಾರದ್ದನ್ನು ನನ್ನ ಕೈಯಿಂದ ಮಾಡಿಸಲು ಬಂದರು.

ಮನವಿ ಸೊರಬಕ್ಕೂ ಜಡೆಗೂ ಹೋಗಿ, ಸಹಿ ಹೆಬ್ಬೆಟ್ಟುಗಳನ್ನೆಲ್ಲ ಹೊತ್ತು ನನ್ನ ಕೈಗೆ ವಾಪಸ್ಸು ಬಂತು. ಆ ದಿನವೇ ದೊಡ್ಡತ್ತೆ ಮನೆಗೆ ಬಂದರು. ಕಾಫಿ ಕುಡಿದು, ಲೋಟ ಕೆಳಗಿಡುತ್ತ, "ನೀನು ನಮ್ಮನಿ ಸೊಸಿ. ಆ ಜಾಗದಾಗೆ ಏನು ಬರೀಬೇಕು ಅಂತ ನಾ ಹೇಳಬೇಕೇನು?" ಎಂದರು. ಅತ್ತೆ ಪಕ್ಕದಲ್ಲೇ ಇದ್ದರು. ಮರುದಿನ ಸೊರಬದಿಂದ ಅಂಚೆ ಕಾರ್ಡು ಬಂತು. ಅಕ್ಕೋರದು. ಕ್ಷೇಮ ಸಮಾಚಾರದ ಕೆಳಗೆ ಒಂದೇ ಸಾಲು, "ನಿನ್ನ ಅಕ್ಷರದ ಮೇಲೆ ನನಗೆ ನಂಬಿಕೆಯಿದೆ." ಒಪ್ಪಂದ ಮಾಡಿಕೊಂಡು ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರಿಗೂ ಒಪ್ಪಂದದಲ್ಲಿ ನಂಬಿಕೆಯಿರಲಿಲ್ಲ. ಎಲ್ಲರ ನಂಬಿಕೆಯೂ ನನ್ನ ಮೇಲಿತ್ತು. ಗಂಡನನ್ನು ಕೇಳಿದೆ. "ನಿನಗ್ಯಾಕೆ ಊರ ಉಸಾಬರಿ, ಅವರು ಹೇಳಿದಂಗೆ ಮಾಡು" ಎಂದು ಹೊಲಕ್ಕೆ ಹೊರಟರು. ಯಾರು ಹೇಳಿದ ಹಾಗೆ ಎಂದು ಕೇಳುವಷ್ಟರಲ್ಲಿ ಬಾಗಿಲು ದಾಟಿದ್ದರು.

ಮೂರನೆಯ ದಿನ ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಅಟ್ಟ ಹತ್ತಿದೆ. ಭತ್ತದ ಚೀಲದ ಮೇಲೆ ಹಲಗೆ ಇಟ್ಟು ಕಾಗದ ಬಿಡಿಸಿದೆ. ಬೆಳಕು ಹೆಂಚಿನ ಸಂದಿಯಿಂದ ಬರುತ್ತಿತ್ತು. ನಾನೇ ಬರೆದ ಸಾಲುಗಳು. ನಡುವೆ ನಾನೇ ಬಿಟ್ಟ ಜಾಗ, ಐದಾರು ಅಕ್ಷರ ಹಿಡಿಸುವಷ್ಟು. ಶಿಕಾರಿಪುರ ಎಂದು ಬರೆದರೆ ತವರಿಗೆ ಯಾವ ಮುಖ ಹೊತ್ತು ಹೋಗಲಿ? ಉಡಿಯ ಅಕ್ಕಿ ಉಂಡು ಮೋಸ ಮಾಡಿದವಳು ಎಂದು ಅಪ್ಪನ ಎದುರೇ ಆಡುತ್ತಾರೆ. ಸೊರಬ ಎಂದು ಬರೆದರೆ ಈ ಮನೆಯಲ್ಲಿ ನನ್ನ ಬಾಳು ಅಲ್ಲಿಗೆ ಮುಗಿಯಿತು, ವಾರದ ಆ ಒಂದು ಮಧ್ಯಾಹ್ನವೂ ಹೋಗುತ್ತದೆ. ಅಡಕತ್ತರಿಗೆ ಸಿಕ್ಕಿದ ಅಡಕೆಯ ಪಾಡು. ಟಾಕನ್ನು ಮಸಿಯಲ್ಲಿ ಅದ್ದಿದೆ, ಒಣಗಿತು. ಮತ್ತೆ ಅದ್ದಿದೆ, ಮತ್ತೆ ಒಣಗಿತು. ಜಾಗ ಖಾಲಿ ಬಿಟ್ಟರೆ ಅರ್ಜಿ ಬೀಳುತ್ತದೆಂದು ನನಗೆ ಗೊತ್ತಿತ್ತು. ಆ ನಾಲ್ಕು ಸಂಘದಲ್ಲಿ ಅದು ಗೊತ್ತಿದ್ದದ್ದು ಶಿರಸ್ತೇದಾರರಿಗೆ ಮತ್ತು ನನಗೆ. ಆದರೆ ಖಾಲಿ ಬಿಟ್ಟರೆ ಯಾರೂ ನನ್ನನ್ನು ಬೈಯಲಾರರು. ಕೆಳಗಿನಿಂದ ಅತ್ತೆ "ಎಲ್ಲಿ ಹೋದ್ಯೇ?" ಎಂದು ಕೂಗಿದರು. ಕಾಗದ ಮಡಚಿದೆ. ಆ ಸಂಜೆ ಅದನ್ನು ಹಾಗೆಯೇ ಟಪಾಲಿಗೆ ಕೊಟ್ಟೆ. ಯಾರಿಗೂ ಮೋಸ ಮಾಡಲಿಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಶಿವರಾತ್ರಿ ಕಳೆದ ಮೇಲೆ ಉತ್ತರ ಬಂತು. ಸ್ಥಳ ನಮೂದಿಸಿಲ್ಲವಾದ್ದರಿಂದ ಮನವಿಯನ್ನು ಹಿಂದಿರುಗಿಸಲಾಗಿದೆ, ಸಂಘಗಳು ತಮ್ಮಲ್ಲಿ ತೀರ್ಮಾನಿಸಿಕೊಂಡು ಮತ್ತೆ ಬರೆಯಬಹುದು. ಅಷ್ಟರೊಳಗೆ ಹಾಸ್ಟೆಲ್ ಬೇರೊಂದು ತಾಲ್ಲೂಕಿಗೆ ಮಂಜೂರಾಗಿತ್ತು. ಅಲ್ಲಿಯ ಒಂದೇ ಒಂದು ಸಂಘ ಕೇಳಿತ್ತಂತೆ, ಊರು, ಕೇರಿ, ಕಟ್ಟಡ ಎಲ್ಲ ಬರೆದು. ಇಬ್ಬರ ಜಗಳ ಮೂರನೆಯವರಿಗೆ ಲಾಭ. ದೊಡ್ಡತ್ತೆ ಕಾಗದವನ್ನು ನನ್ನ ಮುಂದೆ ಹಿಡಿದು, "ಅವರೆಲ್ಲ ಬಿಟ್ರೆ ನೀನೂ ಬಿಡಾದೇನಮ್ಮ? ಏನೋ ಒಂದು ಗೀಚಬಾರದಾಗಿತ್ತೇ?" ಎಂದರು. ಬೈಗುಳವೂ ತಪ್ಪಲಿಲ್ಲ. ಅಕ್ಕೋರು ಆಮೇಲೆ ನನಗೆ ಕಾರ್ಡು ಬರೆಯಲೇ ಇಲ್ಲ.

ಅಪ್ಪ ಹೇಳಿದಂತೆ ಒಂದು ವರ್ಷ ಕಾದರು, ಒಂದು ದಿನ ಹೆಚ್ಚಿಲ್ಲ ಕಡಿಮೆಯಿಲ್ಲ. ವೈಶಾಖದಲ್ಲಿ ತಂಗಿಯ ಮದುವೆಯಾಯಿತು. ಮೈದುನ ಒಳ್ಳೆಯವನೇ, ಅವನ ಮೇಲೆ ನನಗೆ ದೂರಿಲ್ಲ. ತಂಗಿ ನನ್ನ ಓರಗಿತ್ತಿಯಾಗಿ ಅದೇ ಹೊಸ್ತಿಲು ತುಳಿದು ಒಳಗೆ ಬಂದಳು. ಆರತಿ ಎತ್ತಿದವಳು ನಾನೇ. ಅವಳ ಟ್ರಂಕು ಜೋಡಿಸುವಾಗ ಸೀರೆಗಳ ಕೆಳಗೆ ಕೈವಾರದ ಡಬ್ಬಿ ಸಿಕ್ಕಿತು. ನೋಡಿದರೂ ನೋಡದವಳಂತೆ ಮುಚ್ಚಳ ಹಾಕಿದೆ. ಮಾರನೆಯ ದಿನದಿಂದ ಒಲೆಯ ಮುಂದೆ ಎರಡು ಮಣೆ.

ಎರಡು ವರ್ಷದ ಮೇಲೆ ಆ ನಾಲ್ಕು ಸಂಘಗಳು ಮತ್ತೆ ಸೇರಿದವು. ಈ ಸಲ ನಾನು ಬರೆಯಲು ಕೂರಲಿಲ್ಲ, ಎದ್ದು ನಿಂತೆ. "ಊರಿನ ಹೆಸರು ಇಲ್ಲದ ಕಾಗದಕ್ಕೆ ನಾನು ಕೈ ಹಾಕಲ್ಲ. ಜಗಳ ಆಡೋದಿದ್ರೆ ಇಲ್ಲೇ ಆಡಿ ಮುಗಿಸ್ರಿ" ಎಂದೆ. ಆಡಿದರು ನೋಡಿ! ಎರಡು ದಿನ. ದೊಡ್ಡತ್ತೆ ಬಟ್ಟಲು ಚೀಲಕ್ಕೆ ಹಾಕಿಕೊಂಡು ಬಸ್ಸಿನವರೆಗೂ ಹೋಗಿ ವಾಪಸ್ಸು ಬಂದರು. ಕೊನೆಗೆ ಹಾಸ್ಟೆಲ್ ಸೊರಬಕ್ಕೆ, ಮುಂದಿನ ಮನವಿ ಶಿಕಾರಿಪುರದ ಹೆರಿಗೆ ವಾರ್ಡಿಗೆ, ಎರಡಕ್ಕೂ ನಾಲ್ಕೂ ಸಂಘದ ಸಹಿ ಎಂದು ಮಾತಾಯಿತು. ಸೋತವರ ಮುಖ ಸೋತವರ ಹಾಗೇ ಇತ್ತು, ಆದರೆ ಸಹಿ ಹಾಕಿದರು. ಒಟ್ಟಾಗುವುದು ಎಂದರೆ ಇದು. ಆ ಮೊದಲ ಸಲ ನಾವು ಒಟ್ಟಾಗಿರಲೇ ಇಲ್ಲ, ಒಬ್ಬರಿಗೊಬ್ಬರು ಹೆದರಿ ಒಂದೇ ಜಮಖಾನದ ಮೇಲೆ ಕೂತಿದ್ದೆವು ಅಷ್ಟೇ.

ಮಂಜೂರಾತಿ ಬಂದ ದಿನ ನಾವಿಬ್ಬರೂ ಹಿತ್ತಲ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದೆವು. ತಂಗಿಯ ತೊಡೆಯ ಮೇಲೆ ಮಗು ಮಲಗಿತ್ತು. ನಾನು ಕಾಗದ ಓದಿ ಹೇಳಿದೆ. ಅವಳಿಗೆ ಸಂತೋಷವಾಗಲಿ ಎಂದೋ, ನನ್ನ ಮೇಲಿನ ಹೊರೆ ಇಳಿಯಲಿ ಎಂದೋ, ಅಟ್ಟದ ಮೇಲಿನ ಆ ಮಧ್ಯಾಹ್ನವನ್ನು ಮೊದಲ ಸಲ ಬಾಯಿಬಿಟ್ಟೆ. ಎಲ್ಲ ಗೊತ್ತಿದ್ದೂ ಖಾಲಿ ಕಳಿಸಿದ್ದನ್ನು ಹೇಳಿದೆ. ಯಾವ ಊರು ಬರೆಯಬೇಕೆಂದು ತಿಳಿಯದೆ ಒದ್ದಾಡಿದೆ ಎಂದೆ.

ತಂಗಿ ಮೊರದಿಂದ ಒಂದು ಕಲ್ಲು ಹೆಕ್ಕಿ ಪಕ್ಕಕ್ಕೆ ಹಾಕಿದಳು. ಸಿಟ್ಟು ಮಾಡಲಿಲ್ಲ, ಅಳಲೂ ಇಲ್ಲ.

"ನಂಗೆ ಯಾವ ಊರಾದ್ರೂ ಆಗ್ತಿತ್ತಲ್ಲ ಅಕ್ಕಾ" ಅಂದಳು.

ನಾಲ್ಕು ಸಂಘ, ಅಷ್ಟೊಂದು ಸಹಿ, ಅರ್ಧ ದಿನದ ಜಗಳ. ಅಷ್ಟರಲ್ಲಿ ಯಾರೂ ಅವಳನ್ನು ಒಂದು ಮಾತು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.